ಹಿಮ್ಮಡಿಯ ಕೆಳಗೆ ಒಂದು ಬೆರಳು

ನವೆಂಬರ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಬರಿಗಾಲಿಗೆ,

ಅಣ್ಣನ ಆಶೀರ್ವಾದ. ಇಲ್ಲಿ ನಾನೂ ನಿನ್ನ ಅತ್ತಿಗೆಯೂ ಕ್ಷೇಮ. ಅವಳ ಮಂಡಿನೋವು ಮೊದಲಿನ ಹಾಗೇ ಇದೆ, ಬಾಯಿಯೂ ಮೊದಲಿನ ಹಾಗೇ ಇದೆ. ನೀವು ಮೂವರೂ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯುವುದು ವಾಡಿಕೆ. ಆದರೆ ನಿನ್ನ ಯಜಮಾನರ ವಿಷಯದಲ್ಲಿ ಹಾಗೆ ಬರೆಯಲು ನನಗೆ ಮುಖವಿಲ್ಲ.

ಬರಿಗಾಲಿ ಎಂದು ಕರೆದದ್ದಕ್ಕೆ ನಗಬೇಡ. ನಿನ್ನ ಮದುವೆಯಾದ ಮೇಲೆ ಆ ಹೆಸರು ನನ್ನ ಬಾಯಲ್ಲಿ ಬಂದೇ ಇಲ್ಲ, ಹನ್ನೊಂದು ವರ್ಷವಾಯಿತು. ಅಪ್ಪ ಮುಂದಿನ ಕೋಣೆಯಲ್ಲಿ ಕೂತು ಮರದ ಕಾಲು ಕೆತ್ತುತ್ತಿದ್ದರು; ಚಕ್ಕೆ, ಮೊಳೆ, ಮುರಿದ ಗರಗಸದ ಹಲ್ಲು ಅಡುಗೆಮನೆಯವರೆಗೂ ಹರಡಿರುತ್ತಿದ್ದವು. ಅದಕ್ಕೇ ನಮ್ಮ ಮನೆಯಲ್ಲಿ ಚಪ್ಪಲಿ ಕಳಚುತ್ತಿದ್ದದ್ದು ಮಂಚ ಹತ್ತುವಾಗ ಮಾತ್ರ. ನಮ್ಮವರ ಮನೆಗಳೆಲ್ಲ ಹಾಗೇ; ಮನೆ ಎಲ್ಲಿ ಮುಗಿಯಿತು, ಕೆಲಸದ ಜಾಗ ಎಲ್ಲಿ ಶುರುವಾಯಿತು ಎಂಬ ಗೆರೆಯೇ ಇರಲಿಲ್ಲ. ನೀನೊಬ್ಬಳೇ ಬರಿಗಾಲಲ್ಲಿ ಓಡಾಡಿ ವಾರಕ್ಕೊಮ್ಮೆ ಮೊಳೆ ಚುಚ್ಚಿಸಿಕೊಂಡು ಬರುತ್ತಿದ್ದೆ. ಅಪ್ಪ ಬೈಯುತ್ತ ಇಕ್ಕಳ ಹಿಡಿದು ಕೂರುತ್ತಿದ್ದರು, ನಾನು ನಿನ್ನ ಕಾಲು ಅಲುಗದ ಹಾಗೆ ಹಿಡಿದುಕೊಳ್ಳುತ್ತಿದ್ದೆ. ಈಗ ಅದೆಲ್ಲ ಯಾಕೆ ನೆನಪಾಯಿತೆಂದು ಮುಂದೆ ಓದಿದರೆ ತಿಳಿಯುತ್ತದೆ.

ನಿನ್ನ ಕಾಗದ ಬಂದದ್ದು ಆಗಸ್ಟಿನಲ್ಲಿ. ಉತ್ತರ ತಡವಾದದ್ದಕ್ಕೆ ಕೆಲಸದ ನೆವ ಹೇಳಬಹುದಿತ್ತು, ಅಂಚೆಯವನ ತಲೆಗೂ ಕಟ್ಟಬಹುದಿತ್ತು. ಎರಡೂ ಅಲ್ಲ. ನನಗೆ ಸಿಟ್ಟು ಬಂದಿತ್ತು. ನೀನು ಬರೆದದ್ದು ನಾಲ್ಕೇ ಸಾಲು: "ಅಣ್ಣ, ಕಾಲು ಬಂದು ತಲುಪಿತು. ಬಣ್ಣ ಬಹಳ ಚೆನ್ನಾಗಿ ಹೊಂದಿದೆ. ಆದರೆ ಇವರಿಗೆ ಅದರಲ್ಲಿ ನಿಲ್ಲಲು ಆಗುತ್ತಿಲ್ಲ, ಹಿಂದಕ್ಕೆ ಬೀಳುತ್ತಾರೆ. ಸದ್ಯಕ್ಕೆ ಮೂಲೆಯಲ್ಲಿ ನಿಲ್ಲಿಸಿದ್ದೇವೆ." ಆ ಕೊನೆಯ ಸಾಲು ಓದಿ ನನ್ನ ಮೈ ಉರಿದುಹೋಯಿತು. ಮೂವತ್ತೊಂದು ವರ್ಷದಿಂದ ಕಾಲು ಮಾಡುತ್ತಿದ್ದೇನೆ. ನನ್ನ ಕಾಲು ಹಾಕಿಕೊಂಡವರು ಬಸ್ಸು ಹತ್ತಿದ್ದಾರೆ, ಮೆಟ್ಟಿಲು ಇಳಿದಿದ್ದಾರೆ, ಒಬ್ಬ ಅಂತೂ ಸಾಲ ಕೊಟ್ಟವನನ್ನು ಕಂಡು ಓಡಿದ್ದಾನೆ. ಮೂಲೆಯಲ್ಲಿ ಯಾವುದೂ ನಿಂತಿಲ್ಲ.

ಆ ಕಾಲನ್ನು ನಾನೇನು ಉದಾಸೀನದಿಂದ ಮಾಡಲಿಲ್ಲ, ಅದನ್ನು ನೀನು ನಂಬಬೇಕು. ಲಾರಿ ಹರಿದು ನಿನ್ನ ಯಜಮಾನರ ಎಡಗಾಲು ಮೊಣಕಾಲಿನ ಕೆಳಗೆ ಹೋದಾಗ ನೀನು ಬರೆದಿದ್ದ ಮಾತು ಇನ್ನೂ ನನ್ನ ಮೇಜಿನ ಗೂಡಿನಲ್ಲಿದೆ: "ದರ್ಜಿಗೆ ಕೂತು ಹೊಲಿಯುವುದು ಅರ್ಧ ಕೆಲಸ, ನಿಂತು ಬಟ್ಟೆ ಕತ್ತರಿಸುವುದು ಇನ್ನರ್ಧ. ಅವರು ನಿಲ್ಲುವ ಹಾಗೆ ಮಾಡಿಕೊಡು, ಮಿಕ್ಕಿದ್ದು ನಾವು ನೋಡಿಕೊಳ್ಳುತ್ತೇವೆ." ನಿಮ್ಮೂರಿನ ಆಸ್ಪತ್ರೆಯವರು ಪ್ಲಾಸ್ಟರಿನಲ್ಲಿ ಅಚ್ಚು ತೆಗೆದು ಕಳಿಸಿದರು. ನಾನು ನಿನ್ನ ಯಜಮಾನರ ಒಂದು ಬೂಟು ಕಳಿಸು ಎಂದು ಬರೆದೆ, ನೀನು ಕರಿ ಬೂಟೊಂದನ್ನು ಕಳಿಸಿದೆ. ಬೂಟಿನ ಹಿಮ್ಮಡಿ ಎಷ್ಟು ಎತ್ತರವೋ ಅದಕ್ಕೆ ತಕ್ಕ ಹಾಗೆ ಪಾದವನ್ನು ಓರೆ ಮಾಡಿ ಕೂರಿಸಬೇಕು. ಅಪ್ಪ ನನಗೆ ಕಲಿಸಿದ ಮೊದಲ ಪಾಠ ಅದು. ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ಮೂರು ಸಲ ನೋಡಿದೆ. ಬೂಟಿನೊಳಗೆ ಕಾಲು ಕಂಬದ ಹಾಗೆ ನೆಟ್ಟಗೆ ನಿಂತಿತ್ತು. ಆ ಬೂಟಿನ ಅಟ್ಟೆ ಒಂದಿಷ್ಟೂ ಸವೆದಿರಲಿಲ್ಲ. ಎಂಥ ಜುಗ್ಗನಪ್ಪ, ಬೂಟನ್ನೂ ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡುತ್ತಾನೆ ಎಂದು ನಾನೂ ಕೆಲಸದ ಮನೆಯವರೂ ನಕ್ಕೆವು.

ನಿನ್ನ ನಾಲ್ಕು ಸಾಲು ಓದಿದ ಮೇಲೆ ಅತ್ತಿಗೆಯ ಎದುರು ಕೂಗಾಡಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅವರಿಗೆ ನಡೆಯುವುದು ಕಲಿಯಲು ಸೋಮಾರಿತನ, ದೂರು ಮಾತ್ರ ನನ್ನ ಕಾಲಿನ ಮೇಲೆ ಎಂದೆ. ಅವಳು ಒಗೆದ ಬಟ್ಟೆ ಮಡಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು:

"ನೀವು ಆ ನೆಲ ನೋಡಿ ಬಂದಿದ್ದೀರಾ?"

ನಾನು ಚಪ್ಪಲಿ ಸದ್ದು ಮಾಡುತ್ತ ಹೊರಗೆ ಹೋದೆ. ಮೂರು ತಿಂಗಳು ಉತ್ತರ ಬರೆಯಲಿಲ್ಲ.

ಆ ಸಿಟ್ಟು ಹೇಗೆ ಇಳಿಯಿತೆಂದು ತಿಳಿಯಬೇಕಾದರೆ ನಮ್ಮ ಕೆಲಸದ ಮನೆ ಈಗ ಹೇಗಿದೆ ಎಂದು ನಿನಗೆ ಹೇಳಬೇಕು. ನೀನು ನೋಡಿದ್ದು ಅಪ್ಪನ ಕಾಲದ್ದು. ಆಗ ನಾಲ್ಕೂ ಜನ ನಮ್ಮವರೇ, ಒಂದೇ ಕುಲ, ಒಂದೇ ಮಾತು, ಗರಗಸ ಹಿಡಿಯುವ ಕೈಯೂ ಒಂದೇ ಥರ. ಈಗ ಐದು ಜನ, ಐದು ಮಾತು. ಮೊದಮೊದಲು ನನಗೆ ಸಂತೆಯಲ್ಲಿ ಕೂತು ಕೆಲಸ ಮಾಡಿದ ಹಾಗಾಗುತ್ತಿತ್ತು. ಈಗ ಬೆಳಿಗ್ಗೆ ಎದ್ದರೆ ಇವತ್ತು ಯಾರು ಏನು ಮಾಡುತ್ತಾರೋ ನೋಡೋಣ ಎನ್ನುವ ಕುತೂಹಲವೇ ನನ್ನನ್ನು ಎಳೆದುಕೊಂಡು ಹೋಗುತ್ತದೆ.

ಪ್ಲಾಸ್ಟರ್ ಮಾಮ ಅಂತ ಒಬ್ಬನಿದ್ದಾನೆ, ಅಚ್ಚು ಎರೆಯುವವನು. ಅವನು ನೆಲದ ಮೇಲೆ ಕೂತು ಅಚ್ಚನ್ನು ಎರಡು ಪಾದಗಳ ನಡುವೆ ಸಿಕ್ಕಿಸಿಕೊಂಡು ಎರಡೂ ಕೈಯಿಂದ ಉಜ್ಜುತ್ತಾನೆ. ನಾನು ಪಾಪ ಎಂದು ಅವನಿಗೊಂದು ಮೇಜು ಮಾಡಿಸಿಕೊಟ್ಟೆ. ಮರುದಿನ ಬಂದು ನೋಡಿದರೆ ಮೇಜಿನ ಮೇಲೆ ಹತ್ತಿ ಕೂತು ಅಚ್ಚನ್ನು ಪಾದದಲ್ಲಿ ಹಿಡಿದುಕೊಂಡಿದ್ದಾನೆ. ಅವನ ಕಡೆಯವರು ಗರಗಸವನ್ನು ತಮ್ಮ ಕಡೆಗೆ ಎಳೆದು ಕೊಯ್ಯುತ್ತಾರೆ, ನಾವು ಮುಂದಕ್ಕೆ ತಳ್ಳಿ ಕೊಯ್ಯುತ್ತೇವೆ. ಒಂದೇ ಗರಗಸ ಇದ್ದಾಗ ದಿನಾ ಜಗಳ. ಅವನ ಗರಗಸ ಎಳೆದು ನೋಡಿದೆ; ಅಲಗು ತೆಳ್ಳಗಿದ್ದರೂ ಬಾಗುವುದಿಲ್ಲ, ಸಣ್ಣ ಕೆಲಸಕ್ಕೆ ನಮ್ಮದಕ್ಕಿಂತ ಮೇಲು. ಇದನ್ನು ಅವನಿಗೆ ಮಾತ್ರ ಹೇಳಿಲ್ಲ.

ಚರ್ಮದ ಪಟ್ಟಿ ಹೊಲಿಯುವ ಅಕ್ಕ ಬೆರಳು ಎಣಿಸುವುದಿಲ್ಲ, ಗೆಣ್ಣು ಎಣಿಸುತ್ತಾಳೆ. ಒಂದೇ ಕೈಯಲ್ಲಿ ಹನ್ನೆರಡು ಬರುತ್ತದೆ. ಹೆಬ್ಬೆರಳು ಎಣಿಸುವ ಗುಮಾಸ್ತನಂತೆ. ಹಾಗಾಗಿ ಅವಳ ಪಟ್ಟಿಗೆ ಯಾವಾಗಲೂ ಹನ್ನೆರಡು ತೂತು, ನಮ್ಮದಕ್ಕೆ ಹತ್ತು. ಊತ ಇಳಿದು ಕಾಲು ಸಣ್ಣದಾದಾಗ ಆ ಎರಡು ಹೆಚ್ಚಿನ ತೂತುಗಳೇ ಕೆಲಸಕ್ಕೆ ಬರುತ್ತವೆ ಎಂದು ತಿಳಿಯಲು ನನಗೆ ನಾಲ್ಕು ವರ್ಷ ಬೇಕಾಯಿತು.

ಇವರೆಲ್ಲರ ನಡುವೆ ಜೂನ್ ತಿಂಗಳಲ್ಲಿ ಬಂದವರು ನಡಿಗೆ ಮೇಡಂ. ಹೊಸ ಕಾಲು ಹಾಕಿಕೊಂಡವರಿಗೆ ನಡೆಯಲು ಕಲಿಸುವುದು ಅವರ ಕೆಲಸ. ತುಂಬ ದೂರದ ಕಡೆಯವರು. ನಮ್ಮ ಮಾತನ್ನು ಕಲಿತದ್ದು ಪುಸ್ತಕದಿಂದ, ಹಾಗಾಗಿ ಸುತ್ತಿಗೆಗೂ ಮರ್ಯಾದೆ ಕೊಡುತ್ತಾರೆ: "ಸುತ್ತಿಗೆಯವರು ಎಲ್ಲಿ ಹೋದರು?" ಅವರು ಬಂದ ವಾರವೇ ನಮ್ಮ ಫಾರಂ ಬದಲಾಯಿತು. ಮೊದಲು ಉದ್ದ, ಸುತ್ತಳತೆ, ತೂಕ, ಬೂಟಿನ ನಂಬರು ಬರೆದುಕೊಂಡರೆ ಮುಗಿಯುತ್ತಿತ್ತು. ಈಗ ಎರಡನೇ ಹಾಳೆ ಬಂದಿದೆ. ಬೆಳಿಗ್ಗೆ ಏಳುವುದು ಮಂಚದಿಂದಲೋ ಚಾಪೆಯಿಂದಲೋ, ಊಟಕ್ಕೆ ಕೂರುವುದು ಎಲ್ಲಿ, ಕೆಲಸಕ್ಕೆ ಕೂರುವುದು ಹೇಗೆ. ಬರೀ ಕೇಳಿದರೆ ಸಾಲದು, ಬಂದವರು ಮಾಡಿ ತೋರಿಸಬೇಕು. ಮೀಸೆ ಹೊತ್ತ ಗಂಡಸರು ನಮ್ಮ ಕೆಲಸದ ಮನೆಯಲ್ಲಿ ಮುಖ ತೊಳೆಯುವ ನಾಟಕ ಆಡುವುದನ್ನು ನೀನು ನೋಡಬೇಕಿತ್ತು.

ನನಗೆ ರೇಗಿತು. ಸಂಬಂಧ ಕುದುರಿಸಲು ಬಂದವರ ಹಾಗೆ ಇದೇನು ವಿಚಾರಣೆ, ನಾವು ಕಾಲು ಮಾಡುವವರು ಎಂದೆ. ಮೇಡಂ ನಕ್ಕರು. ಮೇಸ್ತ್ರಿ ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಪಟ್ಟಿ ಅಕ್ಕ ಗೊಣಗಿದಳು. ನಾಲ್ಕನೆಯದನ್ನು ಇಲ್ಲೇ ಮಾಡಿಕೊಡೋಣ ಬಿಡಿ ಎಂದ ಪ್ಲಾಸ್ಟರ್ ಮಾಮ.

ಆದರೂ ಅವರ ಒಂದು ಕೆಲಸ ನನ್ನ ಕಣ್ಣಿಗೆ ಬಿತ್ತು. ಕಾಲು ಹಾಕಿಸಿ, ನೋವಾಗುತ್ತದೆಯೇ ಎಂದು ಎಲ್ಲರನ್ನೂ ಕೇಳುತ್ತೇವಲ್ಲ. ಕೆಲವರ ಕಡೆ ಮುಟ್ಟುವ ಮೊದಲೇ ಕಿರುಚುತ್ತಾರೆ, ಅದು ಅವರ ರೂಢಿ, ನಾವು ಗಾಬರಿಯಾಗಬಾರದು. ಇನ್ನು ಕೆಲವರ ಕಡೆ ಮಾಡಿದವನ ಎದುರು ಅವನ ವಸ್ತುವಿನಿಂದ ನೋವಾಗುತ್ತದೆ ಎನ್ನುವುದು ದೊಡ್ಡ ಅವಮಾನ. ರಕ್ತ ಬಂದರೂ ಚೆನ್ನಾಗಿದೆ ಎನ್ನುತ್ತಾರೆ. ಹಾಗೆ ಎಷ್ಟೋ ಜನ ನನ್ನೆದುರು ಚೆನ್ನಾಗಿದೆ ಎಂದು ಹೇಳಿ ಹೋಗಿದ್ದಾರೆ, ನಾನು ಬೀಗಿದ್ದೇನೆ. ಮೇಡಂ ಬಾಯಿ ನೋಡುವುದಿಲ್ಲ, ಇನ್ನೊಂದು ಪಾದದ ಬೆರಳು ನೋಡುತ್ತಾರೆ. ಅದು ಮುದುರಿದ್ದರೆ ನೋವಿದೆ. ಇದನ್ನು ನಾನು ಕದ್ದು ಕಲಿತೆ.

ಅತ್ತಿಗೆ ಊಟಕ್ಕೆ ಕರೆಯುತ್ತಿದ್ದಾಳೆ. ಮುಂದಿನದು ಆಮೇಲೆ.

ನವೆಂಬರ್ ೧೨, ಬುಧವಾರ

ಮೊನ್ನೆ ಬಿಟ್ಟಲ್ಲಿಂದ ಹಿಡಿಯುತ್ತೇನೆ.

ಬುಟ್ಟಿ ಹೆಣೆಯುವ ಅಜ್ಜಿಯೊಬ್ಬರಿಗೆ ಅಕ್ಟೋಬರ್ ಕೊನೆಯಲ್ಲಿ ಕಾಲು ಮಾಡಿಕೊಟ್ಟಿದ್ದೆ. ಎರಡನೇ ಹಾಳೆ ತುಂಬಿಸುವ ಮೇಡಂ ಆಗ ರಜೆಯಲ್ಲಿದ್ದರು, ನಾನು ಅದನ್ನು ಖಾಲಿ ಬಿಟ್ಟೆ. ಅಜ್ಜಿ ಬೂಟು ಹಾಕಿಕೊಂಡು ನಮ್ಮ ಕೆಲಸದ ಮನೆಯ ತುಂಬ ರಾಣಿಯ ಹಾಗೆ ನಡೆದರು. ಹೋಗುವಾಗ ನನ್ನ ತಲೆ ಸವರಿ ಹರಸಿದರು. ಎಂಟು ದಿನಕ್ಕೆ ಮತ್ತೆ ಬಂದರು, ಊರುಗೋಲಿನ ಮೇಲೆ. ನಾನು ಮಾಡಿದ ಕಾಲನ್ನು ಚೀಲದಲ್ಲಿ ಹಾಕಿ ತಂದಿದ್ದರು. ನನ್ನನ್ನು ನೋಯಿಸಬಾರದೆಂದು ಮೊದಲು ಕಾಲಿನ ಬಣ್ಣ ಹೊಗಳಿದರು. ಆಮೇಲೆ ಹೇಳಿದರು:

"ಮನೇಲಿ ನಿಂತ್ರೆ ಯಾರೋ ಎದೆಗೆ ಕೈ ಕೊಟ್ಟು ಹಿಂದಕ್ಕೆ ತಳ್ಳಿದ ಹಾಗಾಗ್ತದಪ್ಪ. ಮುದುಕಿ ನಾನು, ನನ್ನದೇ ಏನೋ ತಪ್ಪಿರಬೇಕು."

ತಂಗಿ, ಮೊದಲು ಬಣ್ಣ, ಆಮೇಲೆ ಹಿಂದಕ್ಕೆ ಬೀಳುವುದು. ನಿನ್ನ ನಾಲ್ಕು ಸಾಲೇ ಎದ್ದು ಬಂದು ಎದುರು ನಿಂತ ಹಾಗಾಯಿತು. ಆದರೂ ಹಟ ಬಿಡಲಿಲ್ಲ. ಕಾಲು ಹಾಕಿಸಿ, ಬೂಟು ತೊಡಿಸಿ, ನಿಲ್ಲಿಸಿದೆ. ಅಜ್ಜಿ ನೆಟ್ಟಗೆ ನಿಂತರು. ನೋಡಿ, ಕಾಲಿನಲ್ಲಿ ದೋಷವಿಲ್ಲ ಎಂದು ಎಲ್ಲರ ಮುಖ ನೋಡಿದೆ. ಮೇಡಂ ಮೆಲ್ಲಗೆ ಹೇಳಿದರು:

"ಮೇಸ್ತ್ರಿಯವರೇ, ಇದು ನಮ್ಮ ನೆಲ. ಅಜ್ಜಿಯವರ ನೆಲ ನೋಡೋಣವೇ?"

ಅತ್ತಿಗೆ ಮೂರು ತಿಂಗಳ ಹಿಂದೆ ಕೇಳಿದ್ದೂ ಅದನ್ನೇ. ಒಬ್ಬಳು ನಮ್ಮವಳು, ಇನ್ನೊಬ್ಬರು ಎಲ್ಲಿಯವರೋ. ಇಬ್ಬರೂ ಮಾತಾಡಿಕೊಂಡೇ ಬಂದಿದ್ದಾರೇನೋ ಎಂದು ಅನುಮಾನ ಬಂತು. ಸುಮ್ಮನೆ ಟೋಪಿ ಹಾಕಿಕೊಂಡು ಅವರ ಜೊತೆ ಹೊರಟೆ.

ಅಜ್ಜಿಯ ಮನೆ ಗಲ್ಲಿಯ ಕೊನೆಯಲ್ಲಿ. ಬಾಗಿಲ ಪಕ್ಕ ಒಂದು ಚಪ್ಪಟೆ ಕಲ್ಲು, ಅದರ ಮೇಲೆ ನಾಲ್ಕು ಜೊತೆ ಚಪ್ಪಲಿ. ಅಜ್ಜಿ ನಮ್ಮೊಡನೆ ಮಾತಾಡುತ್ತಲೇ ಮೆಟ್ಟಿಲ ಮೇಲೆ ಕೂತು, ನಾನು ಮಾಡಿದ ಕಾಲಿನಿಂದ ಬೂಟು ಎಳೆದು ಕಲ್ಲಿನ ಮೇಲಿಟ್ಟು, ಬಾಗಿಲ ಚೌಕಟ್ಟು ಹಿಡಿದು ಒಳಗೆ ಹೋದರು. ಒಂದು ಕ್ಷಣವೂ ಯೋಚಿಸಲಿಲ್ಲ. ಯಾಕೆ ಯೋಚಿಸಬೇಕು, ಹುಟ್ಟಿದಾಗಿನಿಂದ ಮಾಡುತ್ತಿರುವುದು ಅದನ್ನೇ. ಮೇಡಂ ಕೂಡ ತಮ್ಮದನ್ನು ಬಿಟ್ಟು ಒಳಗೆ ಹೋದರು.

ನಾನು ಹೊರಗೇ ನಿಂತಿದ್ದೆ. ಎಷ್ಟು ಹೊತ್ತೋ ತಿಳಿಯದು. ಒಳಗಿನಿಂದ ಮೇಡಂ ನನ್ನನ್ನು ಕರೆಯಲಿಲ್ಲ, ಅದು ಅವರ ದೊಡ್ಡ ಗುಣ. ಕೊನೆಗೆ ಬಗ್ಗಿ ಲೇಸು ಬಿಚ್ಚಿದೆ. ಐವತ್ತೆಂಟು ವರ್ಷದಲ್ಲಿ ಇನ್ನೊಬ್ಬರ ಮನೆಯೊಳಗೆ ಬರಿಗಾಲಿಟ್ಟದ್ದು ಅದೇ ಮೊದಲು. ನೆಲ ತಣ್ಣಗೆ, ನುಣ್ಣಗೆ, ಎಷ್ಟೋ ಜನರ ಪಾದ ತಿಕ್ಕಿ ತಿಕ್ಕಿ ಹೊಳಪು ಬಂದ ನೆಲ. ನನಗೆ ಕಚಗುಳಿಯಾಗಿ ಬೆಕ್ಕಿನ ಹಾಗೆ ಕಾಲೆತ್ತಿ ಇಟ್ಟೆ. ಅಜ್ಜಿ ನನ್ನ ಪಾದ ನೋಡಿ, ಮದುಮಗಳ ಪಾದ ಇದ್ದ ಹಾಗಿದೆಯಲ್ಲಪ್ಪ ಎಂದು ನಕ್ಕರು. ನನ್ನ ಕಿವಿ ಬಿಸಿಯಾಯಿತು.

ಆಮೇಲೆ, ನಡುಮನೆಯ ಕಂಬ ಹಿಡಿದು ನಿಂತಿದ್ದ ಅಜ್ಜಿಗೆ ಅದನ್ನು ಬಿಟ್ಟು ನಿಲ್ಲಲು ಹೇಳಿದೆವು. ಬಿಟ್ಟ ತಕ್ಷಣ ಹಿಂದಕ್ಕೆ ವಾಲಿ ಮತ್ತೆ ಕಂಬ ಹಿಡಿದುಕೊಂಡರು. ನಾನು ನೆಲಕ್ಕೆ ಕೆನ್ನೆ ತಾಗುವ ಹಾಗೆ ಬಗ್ಗಿ ನೋಡಿದೆ. ಆಗ ಕಂಡಿತು. ಬೂಟಿನ ಎತ್ತರಕ್ಕೆ ಓರೆ ಮಾಡಿ ಕೂರಿಸಿದ ಪಾದ, ಬೂಟು ತೆಗೆದ ಮೇಲೆ ಹಿಮ್ಮಡಿ ಒಂದು ಬೆರಳಿನಷ್ಟು ಕೆಳಗೆ ಇಳಿಯುತ್ತದೆ. ಹಿಮ್ಮಡಿ ಇಳಿದರೆ ಇಡೀ ಕಾಲು ಹಿಂದಕ್ಕೆ ವಾಲುತ್ತದೆ, ಕಾಲಿನ ಜೊತೆ ಮನುಷ್ಯನೂ. ತಪ್ಪು ಅಜ್ಜಿಯದಲ್ಲ. ನಾನು ಅವರ ಮನೆಯ ಗೋಡೆಗೆ ನಮ್ಮ ಮನೆಯ ಏಣಿ ಒರಗಿಸಿದ್ದೆ.

ಪಕ್ಕದಲ್ಲಿ ಬಿದಿರಿನ ಸೀಳುಗಳು ಬಿದ್ದಿದ್ದವು. ನಾಲ್ಕು ತುಂಡು ಜೋಡಿಸಿ ಹಿಮ್ಮಡಿಯ ಕೆಳಗೆ ತುರುಕಿದೆ. ಅಜ್ಜಿ ಕಂಬ ಬಿಟ್ಟರು. ನಿಂತರು. ಎರಡೂ ಕೈ ಮೇಲೆತ್ತಿ ಗೂಡಿನಲ್ಲಿದ್ದ ಕತ್ತಿ ತೆಗೆದುಕೊಂಡು, ಇಷ್ಟು ದಿನ ಇದನ್ನು ತೆಗೆದುಕೊಡಿ ಎಂದು ಕಂಡ ಕಂಡವರನ್ನು ಬೇಡುತ್ತಿದ್ದೆ ಎಂದರು. ಒಂದು ಬೆರಳು. ಅಷ್ಟೇ ತಂಗಿ, ಒಂದೇ ಬೆರಳು.

ನಾನು ಅಲ್ಲೇ ಚಾಪೆಯ ಮೇಲೆ ಕೂತುಬಿಟ್ಟೆ. ಮೇಡಂ ಏನಾಯಿತೆಂದು ಕೇಳಿದರು, ಕಾಲು ಜೋಮು ಹಿಡಿದಿದೆ ಎಂದೆ. ನನ್ನ ಕಣ್ಣ ಮುಂದೆ ಇದ್ದದ್ದು ನೀನು ಕಳಿಸಿದ ಕರಿ ಬೂಟು, ಅದರ ಸವೆಯದ ಅಟ್ಟೆ. ಅದು ಜುಗ್ಗತನವಲ್ಲ. ನಿನ್ನ ಯಜಮಾನರು ಆ ಬೂಟು ಹಾಕಿಕೊಳ್ಳುವುದೇ ಇಲ್ಲ. ಬರಿಗಾಲಲ್ಲಿ ಮಿಷನ್ ತುಳಿಯುತ್ತಾರೆ, ಬರಿಗಾಲಲ್ಲಿ ನಿಂತು ಬಟ್ಟೆ ಕತ್ತರಿಸುತ್ತಾರೆ. ಅಂಗಡಿ ಎಂದರೆ ನಿಮ್ಮ ಮನೆಯ ಮುಂದಿನ ಕೋಣೆಯೇ. ಅಟ್ಟೆ ನೋಡಿ ಮನುಷ್ಯನ ನಡಿಗೆ ಹೇಳುತ್ತೇನೆಂದು ಜಂಬ ಕೊಚ್ಚುವವನು ನಾನು. ಸವೆಯದ ಅಟ್ಟೆ ಅಷ್ಟು ಸ್ಪಷ್ಟವಾಗಿ ಹೇಳುತ್ತಿದ್ದದ್ದು ನನಗೆ ಕೇಳಿಸಲಿಲ್ಲ.

ನೀನೂ ಯಾಕೆ ಬರೆಯಲಿಲ್ಲ ಎಂದು ಒಂದು ಗಳಿಗೆ ನಿನ್ನ ಮೇಲೂ ಸಿಟ್ಟು ಬಂತು. ಆಮೇಲೆ ಯೋಚಿಸಿದೆ: ನೀನು ಹುಟ್ಟಿನಿಂದಲೇ ಬರಿಗಾಲಿ, ಆ ಮನೆ ಸೇರಿದ ಮೇಲೆ ಬೈಯುವವರೂ ಇಲ್ಲ. ಬೂಟು ಕಳಿಸು ಎಂದ ಅಣ್ಣನಿಗೆ ಬೂಟು ಕಳಿಸಿದೆ. ಅಣ್ಣ ಕೇಳಿದ್ದರೆ ತಾನೇ ಹೇಳುವುದು.

ನವೆಂಬರ್ ೧೫, ಶನಿವಾರ ಸಂಜೆ

ಈ ಕಾಗದ ಮುಗಿಯುತ್ತಲೇ ಇಲ್ಲ. ಅತ್ತಿಗೆ ಇದು ಕಾಗದವೋ ದಸ್ತಾವೇಜೋ ಎಂದು ಕೇಳುತ್ತಿದ್ದಾಳೆ.

ಅಜ್ಜಿಯ ಮನೆಗೆ ಹೋಗಿ ಬಂದ ಮೇಲೆ ನನಗೆ ಹುಚ್ಚು ಹಿಡಿದ ಹಾಗಾಗಿದೆ. ಈ ವಾರ ಕೆಲಸ ಮುಗಿಸಿ ಆರು ಮನೆಗೆ ಹೋದೆ. ಎಲ್ಲ ನಾನೇ ಕಾಲು ಮಾಡಿಕೊಟ್ಟವರ ಮನೆಗಳು, ನಾಲ್ಕೈದು ಬೀದಿಯ ಒಳಗೇ. ಇಷ್ಟು ವರ್ಷ ಆ ಬೀದಿಗಳಲ್ಲಿ ಓಡಾಡಿದ್ದೇನೆ, ಬಾಗಿಲಾಚೆ ಇಷ್ಟೊಂದು ಬೇರೆ ಬೇರೆ ಲೋಕ ಇದೆಯೆಂದು ಗೊತ್ತೇ ಇರಲಿಲ್ಲ. ಕಬ್ಬಿಣದ ಕೆಲಸದವನ ಮನೆಯಲ್ಲಿ ಎಲ್ಲರೂ ಎತ್ತರದ ಮೇಜಿನ ಸುತ್ತ ನಿಂತೇ ಉಣ್ಣುತ್ತಾರೆ, ಕೂತರೆ ಊಟ ಮುಗಿಯಿತೆಂದು ಅರ್ಥ. ಬಣ್ಣ ಹಾಕುವವನ ಮನೆಯಲ್ಲಿ ಬಂದವರ ಎದುರು ಕಾಲು ಚಾಚಿ ಕೂರುವ ಹಾಗಿಲ್ಲ. ಅವನು ಮಡಿಸಲಾಗದ ಕಾಲಿನ ಮೇಲೆ ಶಾಲು ಹೊದ್ದುಕೊಂಡು ಎರಡು ವರ್ಷದಿಂದ ನೆಂಟರಿಗೆ ಮೈ ಸರಿಯಿಲ್ಲವೆಂದು ಹೇಳುತ್ತಿದ್ದಾನೆ. ಅವನು ನನ್ನ ಹತ್ತಿರ ಯಾವಾಗಲೂ ಚೆನ್ನಾಗಿದೆ ಎಂದೇ ಹೇಳಿದವನು. ಕಾಲು ಕೂರುವ ಬಟ್ಟಲಿನ ಹಿಂದಿನ ಅಂಚನ್ನು ಅರ್ಧ ಇಂಚು ತಗ್ಗಿಸಿದೆ, ಅವನ ಮಂಡಿ ಬಾಗಿತು. ಅವನ ಹೆಂಡತಿ ಗೋಡೆಯ ಕಡೆ ತಿರುಗಿ ಅತ್ತಳು.

ಎರಡನೇ ಹಾಳೆಗೆ ಈಗ ನಾನೇ ಮೂರು ಪ್ರಶ್ನೆ ಸೇರಿಸಿದ್ದೇನೆ. ಮೇಡಂ ಅದನ್ನು ಕಂಡೂ ಕಾಣದವರ ಹಾಗೆ ಇದ್ದಾರೆ. ಪ್ಲಾಸ್ಟರ್ ಮಾಮ ಮಾತ್ರ, ಮೊಲಕ್ಕೆ ಕಾಲು ಬೆಳೆಯುತ್ತಿದೆ ಎಂದ.

ಹೀಗೆ ಊರ ಮನೆಗಳನ್ನೆಲ್ಲ ನೋಡಿ ಬಂದು ಅತ್ತಿಗೆಯ ಹತ್ತಿರ ಬಣ್ಣಿಸುತ್ತಿದ್ದೆ. ಅವಳು ಊರಿಗೆ ಉಪಕಾರಿ, ಮನೆಗೆ ಮಾರಿ ಎಂದಳು. ನನಗೆ ನಾಟಿತು. ಆಗ ಇನ್ನೊಂದು ವಿಷಯ ಹೊರಬಂತು. ನಿನ್ನ ಮದುವೆಯಾದಾಗಿನಿಂದ ನಾನು ಒಮ್ಮೆಯೂ ಕಾಲಿಡದ ನಿಮ್ಮ ಮನೆಗೆ, ತನ್ನ ಅಕ್ಕನ ಮನೆಗೆಂದು ಹೇಳಿ ಅವಳು ಎರಡು ಸಲ ಬಂದಿದ್ದಳಂತೆ. ಹನ್ನೊಂದು ವರ್ಷ ನನ್ನ ಪಕ್ಕದಲ್ಲೇ ಮಲಗಿ ಈ ಗುಟ್ಟು ಕಾಪಾಡಿದ್ದಾಳೆ. ಬೈಯಬೇಕೆಂದು ಬಾಯಿ ತೆರೆದವನು, ಅವರ ಮನೆ ಹೇಗಿದೆ ಎಂದು ಕೇಳಿದೆ. ಮಿಷನ್ ಕಿಟಕಿಯ ಹತ್ತಿರ, ಕತ್ತರಿಸುವ ಮೇಜು ಗೋಡೆಗೆ, ನೆಲದ ತುಂಬ ಚಾಪೆ, ಮಗು ಚಿಂದಿ ಬಟ್ಟೆಯಲ್ಲಿ ಬೊಂಬೆ ಮಾಡುತ್ತದೆ ಎಂದಳು. ಅವರು ಚಪ್ಪಲಿ ಎಲ್ಲಿ ಬಿಡುತ್ತಾರೆ ಎಂದು ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಬಾಗಿಲ ಹೊರಗೆ. ನಿಮಗೆ ಗೊತ್ತಿಲ್ವಾ?"

ಗೊತ್ತಿಲ್ಲ ಎಂದೆ.

ಈಗ ಕೆಲಸದ ಮಾತು. ಹೊಸ ಪಾದ ಮಾಡಿದ್ದೇನೆ, ಬರಿಗಾಲಿನ ನೆಲಕ್ಕೆ ಸಮನಾಗಿ ನಿಲ್ಲುವಂಥದ್ದು. ಹೊರಗೆ ಹೋಗಲು ಹಿಮ್ಮಡಿ ಎತ್ತರವಿಲ್ಲದ ಚಪ್ಪಲಿ ಪಟ್ಟಿ ಅಕ್ಕ ಹೊಲಿದು ಕೊಟ್ಟಿದ್ದಾಳೆ, ಅದಕ್ಕೂ ಹನ್ನೆರಡು ತೂತು. ಬಟ್ಟಲಿನ ಅಂಚು ಎಷ್ಟು ತಗ್ಗಿಸಬೇಕೆಂದು ನಿನ್ನ ಯಜಮಾನರು ಕೂರುವುದನ್ನು ನೋಡಿಯೇ ಹೇಳಬೇಕು. ನೆಲದಿಂದ ಏಳುವಾಗ ಅವರು ಯಾವ ಕೈ ಊರುತ್ತಾರೆ? ಬಟ್ಟೆ ಕತ್ತರಿಸುವಾಗ ಮೇಜಿಗೆ ಒರಗುತ್ತಾರೋ, ಸುತ್ತ ನಡೆಯುತ್ತಾರೋ? ಬಲಗಾಲು ತುಳಿಯುವಾಗ ಎಡಗಾಲನ್ನು ಎಲ್ಲಿಡುತ್ತಾರೆ? ಇದಕ್ಕೆಲ್ಲ ಉತ್ತರ ಬರೆಯಬೇಡ. ಬರುವ ಶನಿವಾರ ಬೆಳಗಿನ ಬಸ್ಸಿಗೆ ನಾನೂ ಅತ್ತಿಗೆಯೂ ಬರುತ್ತೇವೆ, ಹತಾರದ ಪೆಟ್ಟಿಗೆಯೂ ಜೊತೆಗಿರುತ್ತದೆ. ನಿಮ್ಮ ನೆಲದ ಮೇಲೆ ನಿಲ್ಲಿಸಿ ನೋಡದೆ ಕೊನೆಯ ತಿರುಪು ಬಿಗಿಯುವುದಿಲ್ಲ ಎಂದು ಮೇಡಂಗೆ ಮಾತು ಕೊಟ್ಟಿದ್ದೇನೆ. ಮೂಲೆಯಲ್ಲಿರುವ ಆ ಕಾಲನ್ನು ಅಲ್ಲಿಯವರೆಗೆ ಯಾರೂ ಮುಟ್ಟಬೇಡಿ, ನಾನೇ ನೋಡಬೇಕು.

ಮಗುವಿಗೆ ನನ್ನ ಮುತ್ತು. ನಿನ್ನ ಮನೆ ನಗುನಗುತ್ತಿರಲಿ, ನಿನ್ನ ಯಜಮಾನರ ಕತ್ತರಿ ಮತ್ತೆ ಓಡಲಿ, ನಿನ್ನ ಕಾಲಿಗೆ ಮೊಳೆ ತಾಗದಿರಲಿ.

ಇಂತು ನಿನ್ನ
ಅಣ್ಣ

ವಿ.ಸೂ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಗೊತ್ತಿಲ್ಲ ಎಂದು ನಿನ್ನ ಅತ್ತಿಗೆಗೆ ಹೇಳಿದ್ದು ಸುಳ್ಳು. ನಿನ್ನ ಮದುವೆಯ ದಿನ ಬಸ್ಸು ತಪ್ಪಿತೆಂದು ನಿನಗೂ ಅಪ್ಪನಿಗೂ ಹೇಳಿದ್ದೆನಲ್ಲ, ಅದೂ ಸುಳ್ಳು. ಬಸ್ಸು ಹೊತ್ತಿಗೆ ಸರಿಯಾಗಿ ಬಂದಿತ್ತು. ನಾನು ನಿಮ್ಮ ಬಾಗಿಲವರೆಗೂ ಬಂದಿದ್ದೆ. ಹೊರಗೆ ಮೂವತ್ತು ನಲವತ್ತು ಜೊತೆ ಚಪ್ಪಲಿ ಸಾಲಾಗಿದ್ದವು, ನಿನ್ನದು ನಡುವೆ ಇತ್ತು, ಗುರುತು ಸಿಕ್ಕಿತು. ಒಳಗೆ ನನಗೆ ಬಾರದ ಮಾತಿನಲ್ಲಿ ಎಲ್ಲರೂ ಮಾತಾಡುತ್ತಿದ್ದರು, ಮಧ್ಯೆ ನಿನ್ನ ನಗು ಕೇಳಿಸಿತು. ಬರಿಗಾಲಿನ ಆ ಜನರ ನಡುವೆ ಮದುಮಗ ಒಬ್ಬನೇ ಹೊಸ ಕರಿ ಬೂಟು ಹಾಕಿಕೊಂಡು ಬಾಗಿಲ ಹತ್ತಿರ ನಿಂತು ಬೀದಿ ನೋಡುತ್ತಿದ್ದ. ಎಂಥ ಧಿಮಾಕು ಎಂದುಕೊಂಡೆ. ಒಳಗೆ ಬರಬೇಕಾದರೆ ನಾನು ಬಗ್ಗಿ ಲೇಸು ಬಿಚ್ಚಬೇಕಿತ್ತು. ಅವರ ಹೊಸ್ತಿಲಿಗೆ ಬಗ್ಗಿದ ಹಾಗೆ ಎನ್ನಿಸಿತು. ಬಗ್ಗಲಿಲ್ಲ. ಮುಂದಿನ ಬಸ್ಸಿಗೆ ವಾಪಸು ಹೋದೆ.

ನೀನು ಬೂಟು ಕಳಿಸಿದಾಗ ಎಲ್ಲೋ ಕಂಡ ಹಾಗಿತ್ತು, ಮನಸ್ಸನ್ನು ಬೇರೆ ಕಡೆ ತಿರುಗಿಸಿಕೊಂಡೆ. ಅದರ ಕಥೆಯನ್ನು ಅತ್ತಿಗೆ ನಿನ್ನೆ ಹೇಳಿದಳು, ನಿನ್ನ ಬಾಯಿಂದ ಕೇಳಿದ್ದಂತೆ. ಹೆಣ್ಣಿನ ಕಡೆಯವರು ಮನೆಯೊಳಗೂ ಚಪ್ಪಲಿ ಕಳಚುವುದಿಲ್ಲವಲ್ಲ, ಅಣ್ಣ ಬಂದಾಗ ಅವರೊಬ್ಬರೇ ಬೂಟಿನಲ್ಲಿ ನಿಂತರೆ ಮುಜುಗರವಾಗುತ್ತದೆ, ಜೊತೆಗೆ ನಾನೂ ಹಾಕಿಕೊಂಡಿರುತ್ತೇನೆ ಎಂದು ಹೇಳಿ ನಿನ್ನ ಯಜಮಾನರು ಕೊಂಡುಕೊಂಡದ್ದಂತೆ. ತಾಯಿಯ ಕೈಲಿ ಬೈಸಿಕೊಂಡು ಸಂಜೆಯವರೆಗೂ ಹಾಕಿಕೊಂಡೇ ನಿಂತಿದ್ದರಂತೆ. ಆ ಬೂಟಿನ ಎತ್ತರವನ್ನೇ ನಾನು ಅಳೆದು ಅವರ ಕಾಲಿಗೆ ಕೂರಿಸಿದೆ. ಅಂದು ಅವರು ನನ್ನನ್ನು ಬೀದಿಯಲ್ಲಿ ಕಂಡರೋ ಇಲ್ಲವೋ, ಅದೊಂದನ್ನು ಕೇಳಬೇಕೆಂದಿದ್ದೇನೆ.

ಶನಿವಾರ ನಾನೇ ಬಗ್ಗಿ ಲೇಸು ಬಿಚ್ಚಿ ಒಳಗೆ ಬರುತ್ತೇನೆ. ಭಾವನಿಗೆ ಹೇಳು, ಅವರು ಬರಿಗಾಲಲ್ಲೇ ಕೂತಿರಲಿ.